ನಿಮ್ಮ ಮಗುವಿನ ಫೈಲು ಈಗ ಯಾವ ಟೇಬಲ್ ಮೇಲಿದೆ?

ಅಂಗವಿಕಲ ಮಕ್ಕಳ ಕಾರ್ಡು, ಸರ್ಟಿಫಿಕೇಟು, ಪಿಂಚಣಿ ಬಗ್ಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಬಂದ ಐದು ಪ್ರಶ್ನೆಗಳಿಗೆ ಈ ಸಲ ಉತ್ತರ ಬರೆದಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಹುಟ್ಟಿದಾಗ ಅಳಲಿಲ್ಲ. ಈಗಲೂ ಗೋಡೆ ಹಿಡಿದು ನಡೆಯುತ್ತಾನೆ, ಮಾತು ಎರಡೋ ಮೂರೋ. ಸಿಪಿ (ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು) ಅಂದಿದ್ದಾರೆ. ಕಾರ್ಡಿಗೆ ಅರ್ಜಿ ಹಾಕಿ ಎಂಟು ತಿಂಗಳಾಯಿತು. ಎರಡು ಸಲ ಆಸ್ಪತ್ರೆಗೆ ಹೋದೆ. ಒಂದು ಸಲ ಕಾಲು ನೋಡಿದರು, ಇನ್ನೊಂದು ಸಲ ಡಾಕ್ಟರ್ ಇಲ್ಲ ಅಂದರು. ನಾಡಕಚೇರಿಯಲ್ಲಿ ಕಾರ್ಡ್ ತಂದ ಮೇಲೆ ಪಗಾರ ಅಂತಾರೆ. ಮನೆಯವರು ಗುಳೆ ಹೋಗಿದ್ದಾರೆ. ಹೊಸದಾಗಿ ಅರ್ಜಿ ಹಾಕಲಾ?
— ಒಬ್ಬ ತಾಯಿ, ಸಿಂಧನೂರು ತಾಲ್ಲೂಕು

ಉತ್ತರ: ಈಗಲೇ ಹಾಕಬೇಡಿ ತಾಯಿ. ಹಳೆಯ ಅರ್ಜಿ ಎಲ್ಲಿ ನಿಂತಿದೆ ಅಂತ ಮೊದಲು ನೋಡೋಣ.

ನೀವು ಕಾಯುತ್ತಿರುವುದು ಒಂದು ಫೈಲಿಗಲ್ಲ, ಎರಡಕ್ಕೆ. ಮೊದಲನೆಯದು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ; ಸರ್ಟಿಫಿಕೇಟೂ ಅದೇ ಅರ್ಜಿಯದು. ಅದನ್ನು ತೀರ್ಮಾನಿಸುವುದು ಆಸ್ಪತ್ರೆ. ಎರಡನೆಯದು ಪಿಂಚಣಿ, ನಮ್ಮ ಕಡೆ ಎಲ್ಲರೂ ಪಗಾರ ಅನ್ನುವುದು. ಅದು ಕಂದಾಯ ಇಲಾಖೆಯದು. ನಾಡಕಚೇರಿಯಲ್ಲಿ ಅರ್ಜಿ, ವಿಎ (ಗ್ರಾಮ ಲೆಕ್ಕಿಗರು) ಪರಿಶೀಲನೆ, ಆಮೇಲೆ ಮಂಜೂರಾತಿ ಆದೇಶ. ನಾಡಕಚೇರಿಯವರು ಹೇಳಿದ್ದು ಸರಿಯೇ ಇದೆ. ಶೇಕಡಾವಾರು ಬರೆದ ಸರ್ಟಿಫಿಕೇಟ್ ಇಲ್ಲದೆ ಅವರು ಮುಂದೆ ಹೋಗುವಂತಿಲ್ಲ. ಅಂದರೆ ನಿಮ್ಮ ಎಂಟು ತಿಂಗಳು ಪೂರ್ತಿ ಆಸ್ಪತ್ರೆಯ ಲೆಕ್ಕಕ್ಕೆ ಹೋಗಿದೆ. ತಹಶೀಲ್ದಾರ್ ಕಚೇರಿಗೆ ಅಲೆದು ಪ್ರಯೋಜನವಿಲ್ಲ.

ಹಾಗಾದರೆ ಆಸ್ಪತ್ರೆಯಲ್ಲಿ ಯಾಕೆ ನಿಂತಿದೆ? ನಿಮ್ಮ ಪತ್ರದಲ್ಲೇ ಸುಳಿವಿದೆ. ಕಾಲು ನೋಡಿದರು ಅಂತ ಬರೆದಿದ್ದೀರಿ. ನೋಡಿದ್ದು ಮೂಳೆ ಡಾಕ್ಟರ್ ಇರಬೇಕು. ಬುದ್ಧಿ ಬೆಳವಣಿಗೆಯನ್ನು ನೋಡುವವರು ಬೇರೆ, ಮನೋವಿಜ್ಞಾನಿ ಅಥವಾ ಮನೋವೈದ್ಯರು. ಅವರು ದಿನಾ ಸಿಗುವುದಿಲ್ಲ. ಸಿಪಿ ಮಕ್ಕಳ ಫೈಲು ಹೀಗೆ ಅರ್ಧ ಪರೀಕ್ಷೆಯಾಗಿ ಕೂತಿರುವುದನ್ನು ನಾನು ಬಹಳ ಕಂಡಿದ್ದೇನೆ. 'ಕಾಲಿನದಷ್ಟೇ ಬರೆದು ಕೊಟ್ಟುಬಿಡಿ ಸಾರ್, ಸಾಕಾಗಿದೆ' ಅನ್ನುವ ಆಸೆ ಆಗುತ್ತದೆ. ಅನ್ನಬೇಡಿ. ಎರಡೂ ತೊಂದರೆ ಇದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂತ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಕೈಕಾಲಿನದು ಶೇ 60, ಬುದ್ಧಿಯದು ಶೇ 50 ಅಂತ ಇಟ್ಟುಕೊಳ್ಳಿ. ಕೂಡಿಸಿದರೆ 110 ಆಗುವುದಿಲ್ಲ, ಆದರೆ 60ಕ್ಕೇ ನಿಲ್ಲುವುದೂ ಇಲ್ಲ. ಸುಮಾರು 77 ಆಗುತ್ತದೆ. ಪಗಾರದಲ್ಲಿ ಶೇ 40ರಿಂದ 75ರೊಳಗೆ ಇದ್ದವರಿಗೆ ತಿಂಗಳಿಗೆ 800 ರೂಪಾಯಿ, 75ರಿಂದ ಮೇಲಿದ್ದವರಿಗೆ ಅದಕ್ಕಿಂತ ಹೆಚ್ಚು. ಒಂದು ಡಾಕ್ಟರ ಸಹಿ ತಪ್ಪಿದರೆ ಆ ಹೆಚ್ಚಿನ ದುಡ್ಡು ತಿಂಗಳು ತಿಂಗಳೂ ಹೋಯಿತು.

ಈಗ ಕೆಲಸಕ್ಕೆ ಬನ್ನಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ಇರುತ್ತಾರೆ. ಎಷ್ಟೋ ಕಡೆ ಅವರೂ ಅಂಗವಿಕಲರೇ, ಈ ದಾರಿ ತಾವೇ ತುಳಿದವರು. ನಿಮ್ಮ ನೋಂದಣಿ ಸಂಖ್ಯೆ ಕೊಟ್ಟು ಯುಡಿಐಡಿಯ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡಲು ಹೇಳಿ. ಅಲ್ಲೇ ಇನ್ನೊಂದನ್ನೂ ನೋಡಿಸಿ: ಅರ್ಜಿಯಲ್ಲಿ ಯಾರ ಮೊಬೈಲ್ ನಂಬರ್ ಇದೆ? ಮನೆಯವರದ್ದಾಗಿದ್ದರೆ, 'ಇಂಥ ದಿನ ಬನ್ನಿ' ಅನ್ನುವ ಮೆಸೇಜು ಬೆಂಗಳೂರಿನ ಯಾವುದೋ ಕಟ್ಟಡದ ಮೇಲೆ ಗಾರೆ ಹಾಕುವವರ ಜೇಬಿಗೆ ಬಂದು ಹೋಗಿರುತ್ತದೆ. ಗುಳೆ ಹೋಗುವ ಮನೆಗಳಲ್ಲಿ ಇದು ನೂರಕ್ಕೆ ನೂರು ನೆನಪಿಡಬೇಕಾದ ಮಾತು. ಊರಲ್ಲಿ ಇರುವವರ ನಂಬರ್ ಕೊಡಿ.

2024ರ ಅಕ್ಟೋಬರ್‌ನಲ್ಲಿ ನಿಯಮ ಬದಲಾಯಿತು. ಮೊದಲು ಸರ್ಟಿಫಿಕೇಟ್ ಕೊಡಲು ಒಂದು ತಿಂಗಳ ಗಡುವಿತ್ತು, ಅದನ್ನು ಮೂರು ತಿಂಗಳು ಮಾಡಿದರು. (ನನ್ನ ಕೇಳಿದರೆ ಹಿಂದಕ್ಕೆ ಇಟ್ಟ ಹೆಜ್ಜೆ.) ಆದರೂ ಎಂಟು ತಿಂಗಳು ಅಂದರೆ ಆ ಗಡುವೂ ಯಾವಾಗಲೋ ಮುಗಿದಿದೆ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಎರಡು ವರ್ಷ ತೀರ್ಮಾನವಾಗದೆ ಉಳಿದ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ. ಸುಮ್ನೆ ಕಾಯುವುದು ಅದಕ್ಕೇ ಅಪಾಯ.

ಹಾಗಾಗಿ ಬಿಳಿ ಹಾಳೆಯಲ್ಲಿ ಅರ್ಧ ಪುಟ ಬರೆಯಿರಿ. ಅರ್ಜಿ ಹಾಕಿದ ದಿನ, ನೋಂದಣಿ ಸಂಖ್ಯೆ, ಹೋದ ಎರಡು ದಿನಾಂಕ, ಆ ದಿನ ಏನು ಹೇಳಿದರು. ಕೊನೆಗೆ ಒಂದೇ ಬೇಡಿಕೆ: ಮೂಳೆ ಡಾಕ್ಟರ್ ಮತ್ತು ಮನೋವಿಜ್ಞಾನಿ ಇಬ್ಬರೂ ಇರುವ ದಿನ ತಿಳಿಸಿ. ಒಂದು ಪ್ರತಿ ಆಸ್ಪತ್ರೆಗೆ, ಒಂದು ಪ್ರತಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಅಲೆದಾಟಕ್ಕೆ ಸಾಕ್ಷಿ ಇರುವುದಿಲ್ಲ. ನಾನೇ ಒಂದು ಮಗುವಿನ ಫೈಲಿಗಾಗಿ ಒಂದು ಕಚೇರಿಗೆ ಮೂರು ತಿಂಗಳು ತಿರುಗಿದ್ದೆ. ಕೊನೆಗೆ ಬರೆದು ಕೇಳಿದಾಗ ಗೊತ್ತಾಯಿತು, ಫೈಲು ಅಲ್ಲಿಗೆ ಬಂದೇ ಇರಲಿಲ್ಲ.

ಕಾರ್ಡು ಬಂದ ದಿನವೇ ನಾಡಕಚೇರಿಗೆ ಹೋಗಿ. ಪಿಂಚಣಿಗೆ ಮನೆಯ ವರ್ಷದ ಆದಾಯ 32,000 ರೂಪಾಯಿ ದಾಟಿರಬಾರದು, ಆದಾಯ ಪ್ರಮಾಣಪತ್ರ ಇಟ್ಟುಕೊಂಡಿರಿ. ಅರ್ಜಿ ಕೊಟ್ಟಾಗ ಸಿಗುವ ಚೀಟಿಯಲ್ಲಿ ಸಕಾಲ ಸಂಖ್ಯೆ ಮತ್ತು ಕೆಲಸ ಮುಗಿಯಬೇಕಾದ ದಿನಾಂಕ ಎರಡೂ ಇರುತ್ತವೆ. ಆ ಚೀಟಿ ಕಳೆಯಬೇಡಿ. ಆ ದಿನ ದಾಟಿದರೆ ಮೇಲ್ಮನವಿ ಹಾಕಬಹುದು. ತಡಕ್ಕೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. ದುಡ್ಡು ದೊಡ್ಡದಲ್ಲ. ಆದರೆ ಮೇಲ್ಮನವಿ ಬಿದ್ದ ಮೇಲೆ ಯಾಕೆ ತಡವಾಯಿತು ಅಂತ ಮೇಲಿನವರು ಕೇಳುತ್ತಾರೆ, ಫೈಲು ಅಲುಗಾಡುವುದು ಅದರಿಂದಲೇ. ವಿಎ ಮನೆಗೆ ಬಂದಾಗ ಬೀಗ ಹಾಕಿದ್ದರೆ 'ಊರಲ್ಲಿ ಇಲ್ಲ' ಅಂತ ಬರೆದುಬಿಡುತ್ತಾರೆ. ನೀವೂ ಗುಳೆ ಹೋಗುವ ಹಾಗಿದ್ದರೆ ಹೋಗುವ ಮೊದಲು ಅವರಿಗೆ ಹೇಳಿಟ್ಟು ಹೋಗಿ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ಬುದ್ಧಿಮಾಂದ್ಯತೆ. ಹೋದ ವರ್ಷ ಶೇ 50 ಅಂತ ಕೊಟ್ಟರು. 800 ರೂಪಾಯಿ ಬರುತ್ತದೆ. ನಮ್ಮ ಓಣಿಯ ಹುಡುಗನಿಗೆ 75 ಕೊಟ್ಟಿದ್ದಾರೆ. ನಮ್ಮ ಮಗಳೇ ಜಾಸ್ತಿ ಕಷ್ಟದಲ್ಲಿದ್ದಾಳೆ. 75 ಮಾಡಿಸುವುದು ಹೇಗೆ?
— ಒಬ್ಬ ತಂದೆ, ಕುಷ್ಟಗಿ

ಉತ್ತರ: ಆ ಹುಡುಗನ ವಿಷಯ ಬಿಟ್ಟುಬಿಡಿ ಅಣ್ಣಾ. ಅದರಿಂದ ನಿಮ್ಮ ಕೆಲಸ ಆಗುವುದಿಲ್ಲ.

ಈ 50, 75 ಎಲ್ಲಿಂದ ಬರುತ್ತವೆ ಅಂತ ಯಾರೂ ತಂದೆತಾಯಿಗೆ ಹೇಳುವುದಿಲ್ಲ, ಅದೇ ಬೇಸರ. ಬುದ್ಧಿಯ ಪರೀಕ್ಷೆ ಜೊತೆಗೆ, ಮಗು ದಿನನಿತ್ಯ ಏನು ಮಾಡಿಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ. ವೈನ್‌ಲ್ಯಾಂಡ್ ಅಂತ ಅದರ ಹೆಸರು. ಅದರಲ್ಲಿ ಅಂಕ 55ರಿಂದ 69 ಬಂದರೆ ಶೇ 50. 36ರಿಂದ 54 ಬಂದರೆ ಶೇ 75. ಅದಕ್ಕೂ ಕಡಿಮೆಯಾದರೆ 90, 100. ನಡುವೆ 60, 65 ಅಂತ ಇಲ್ಲ. ಅಂಕ 55 ಬಂದ ಮಗುವಿಗೂ 54 ಬಂದ ಮಗುವಿಗೂ ಮನೆಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಕಾಗದದ ಮೇಲೆ ಮಾತ್ರ 25ರ ಅಂತರ.

ಈ ಅಳತೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದು ಮಗುವಲ್ಲ, ನೀವು. ಅಲ್ಲೇ ಎಡವಟ್ಟಾಗುವುದು. 'ತಾನೇ ಉಣ್ಣುತ್ತಾಳಾ?' ಅಂತ ಕೇಳುತ್ತಾರೆ. 'ಹ್ಞೂಂ ರೀ, ಎಲ್ಲಾ ತಾನೇ ಮಾಡಿಕೋತಾಳ' ಅಂತ ನಾವು ಅಂದುಬಿಡುತ್ತೇವೆ. ಹತ್ತು ಜನರ ಮುಂದೆ ಮಗಳನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ರೊಟ್ಟಿ ಮುರಿದು, ಪಲ್ಯ ಹಚ್ಚಿ ಕೈಗೆ ಕೊಡುವುದು ಅವರ ಅವ್ವ. ಬಾಯಿಗೆ ಇಟ್ಟುಕೊಳ್ಳುವುದಷ್ಟೇ ಮಗಳು. ಅದು 'ತಾನೇ ಉಣ್ಣುವುದು' ಅಲ್ಲ. ಹಾಗಂತ ಬರುವುದನ್ನೂ ಬರುವುದಿಲ್ಲ ಅನ್ನಬೇಡಿ. ಕೂತು ನೋಡಿದವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ, ಆಮೇಲೆ ನಿಮ್ಮ ನಿಜವನ್ನೂ ನಂಬುವುದಿಲ್ಲ.

ದಾರಿ ಎರಡು. ಸರ್ಟಿಫಿಕೇಟ್ ಒಪ್ಪಿಗೆ ಇಲ್ಲದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಲ್ಲಿ ಮೇಲ್ಮನವಿ ಇದೆ, ಆದರೆ 90 ದಿನದೊಳಗೆ ಹಾಕಬೇಕಿತ್ತು. ನಿಮ್ಮದು ದಾಟಿದೆ. ಇನ್ನೊಂದು ದಾರಿ ತಾನಾಗಿಯೇ ಬರುತ್ತಿದೆ. ಬುದ್ಧಿಮಾಂದ್ಯತೆಯ ಸರ್ಟಿಫಿಕೇಟನ್ನು ಮಗುವಿಗೆ 5, 10 ಮತ್ತು 18 ವರ್ಷ ಆದಾಗ ಹೊಸದು ಮಾಡಿಸಬೇಕು. ಮಗಳಿಗೆ ಬರುವ ವರ್ಷ ಹತ್ತು. ಅಲ್ಲಿಯವರೆಗೆ ಒಂದು ವಾರದ ದಿನಚರಿ ಬರೆದಿಡಿ. ಹಲ್ಲು ಯಾರು ಉಜ್ಜಿದರು, ಗುಂಡಿ ಯಾರು ಹಾಕಿದರು, ಅಂಗಡಿಗೆ ಹೋಗಿ ಚಿಲ್ಲರೆ ತಂದಳಾ, ರಾತ್ರಿ ಹಾಸಿಗೆ ಒದ್ದೆಯಾಯಿತಾ. ಶಾಲೆಯ ಮೇಷ್ಟ್ರು ಎರಡು ಸಾಲು ಬರೆದುಕೊಟ್ಟರೆ ಅದನ್ನೂ ಇಡಿ. ಅವರ ಅವ್ವನನ್ನು ಕಡ್ಡಾಯವಾಗಿ ಕರೆದುಕೊಂಡು ಹೋಗಿ. ಅಪ್ಪಂದಿರಿಗೆ ಗುಂಡಿಯ ವಿಷಯ ಗೊತ್ತಿರುವುದು ಕಡಿಮೆ, ಅಲ್ವಾ?

ಮತ್ತೆ 50 ಬಂದರೂ ಬರಬಹುದು. ಬಂದರೆ ಈ ಸಲ 90 ದಿನ ಕೈಯಲ್ಲಿರುತ್ತದೆ.

ಪ್ರಶ್ನೆ: ಬೇಗ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಆರು ಸಾವಿರ ಕೇಳುತ್ತಿದ್ದಾರೆ. ಕೊಡಲಾ?
— ಮಾನ್ವಿ

ಉತ್ತರ: ಬೇಡ. ಯುಡಿಐಡಿ ಅರ್ಜಿಗೆ ಶುಲ್ಕವೇ ಇಲ್ಲ. ಲಂಚ ಕೇಳಿದ್ದು ಸರ್ಕಾರಿ ನೌಕರರಾಗಿದ್ದರೆ ಲೋಕಾಯುಕ್ತಕ್ಕೆ ದೂರು ಕೊಡಿ. ಹೊರಗಿನ ಏಜೆಂಟರಾಗಿದ್ದರೆ ಇನ್ನೊಂದು ಕಾಟ ಉಂಟು. ಅರ್ಜಿಯಲ್ಲಿ ಅವರು ತಮ್ಮದೇ ಮೊಬೈಲ್ ನಂಬರ್ ಹಾಕಿಕೊಳ್ಳುತ್ತಾರೆ. ಆಮೇಲೆ ಪ್ರತಿ ಒಟಿಪಿಗೂ ನೀವು ಅವರ ಮನೆ ಬಾಗಿಲು ಬಡಿಯಬೇಕು.

ಪ್ರಶ್ನೆ: ಮಗನಿಗೆ ಹದಿನೈದು. ಎರಡೂ ಕಿವಿ ಕೇಳುವುದಿಲ್ಲ. ಆರು ವರ್ಷದಿಂದ ಬರುತ್ತಿದ್ದ ಪಿಂಚಣಿ ನಾಲ್ಕು ತಿಂಗಳಿಂದ ನಿಂತಿದೆ. ಬ್ಯಾಂಕಿನವರು ನಾಡಕಚೇರಿ ಕೇಳಿ ಅಂತಾರೆ, ನಾಡಕಚೇರಿಯವರು ಬ್ಯಾಂಕು ಕೇಳಿ ಅಂತಾರೆ.
— ಸಿರುಗುಪ್ಪ

ಉತ್ತರ: ಮೊದಲು ಮೊಬೈಲಿನಲ್ಲಿ 'ಡಿಬಿಟಿ ಕರ್ನಾಟಕ' ಆ್ಯಪ್ ಹಾಕಿಕೊಂಡು ಮಗನ ಆಧಾರ್ ಸಂಖ್ಯೆ ಕೊಟ್ಟು ನೋಡಿ. ಸರ್ಕಾರದಿಂದ ಹಣ ಹೊರಟಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹೊರಟಿದ್ದರೆ ತೊಂದರೆ ಬ್ಯಾಂಕಿನದು. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಮಧ್ಯೆ ಬೇರೆ ಬ್ಯಾಂಕಿನಲ್ಲಿ ಮಗನ ಹೆಸರಿಗೆ ಖಾತೆ ತೆರೆದಿದ್ದರೆ, ಸ್ಕಾಲರ್‌ಶಿಪ್‌ಗೆ ಅಂತ ತೆರೆಸಿರುತ್ತಾರಲ್ಲ, ಹಣ ಅಲ್ಲಿ ಬಿದ್ದಿರಬಹುದು. ಎರಡೂ ಪಾಸ್‌ಬುಕ್ ಎಂಟ್ರಿ ಮಾಡಿಸಿ.

ಹೊರಟೇ ಇಲ್ಲ ಅಂದರೆ ತೊಂದರೆ ಇತ್ತ ಕಡೆಯದು. ವಯಸ್ಸು ಹದಿನೈದು ಅಂದ ಕೂಡಲೇ ನನಗೆ ಆಧಾರ್ ಮೇಲೆ ಅನುಮಾನ. ಮಕ್ಕಳ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು 5ನೇ ವರ್ಷಕ್ಕೊಮ್ಮೆ, 15ನೇ ವರ್ಷಕ್ಕೊಮ್ಮೆ ಹೊಸದಾಗಿ ಕೊಡಬೇಕು. ಅದಾಗಿದೆಯಾ ನೋಡಿ. ಸರ್ಟಿಫಿಕೇಟಿನಲ್ಲಿ 'ತಾತ್ಕಾಲಿಕ' ಅಂತ ಬರೆದು ಕೊನೆಯ ದಿನಾಂಕ ಹಾಕಿದ್ದಾರಾ ಅಂತಲೂ ನೋಡಿ. ಎರಡೂ ಸರಿ ಇದ್ದರೆ, ಯಾಕೆ ನಿಲ್ಲಿಸಿದಿರಿ ಅಂತ ತಹಶೀಲ್ದಾರರಿಗೆ ಬರೆದು ಕೊಟ್ಟು ಹಿಂಬರಹ ಕೇಳಿ. ಹಿಂಬರಹ ಅನ್ನುವ ಪದವನ್ನೇ ಬಳಸಿ. ಕಾರಣವನ್ನು ಬರಹದಲ್ಲಿ ಕೊಡಿ ಅಂತ ಅದರ ಅರ್ಥ. ಅದು ಕೈಗೆ ಬಂದರೆ ಮೇಲಿನವರ ಹತ್ತಿರ ಹೋಗಲು ದಾರಿಯಾಗುತ್ತದೆ. ಸಹಾಯವಾಣಿ 1902ಕ್ಕೆ ದೂರು ದಾಖಲಿಸಬಹುದು. ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೂ ದೂರು ಕಳಿಸಬಹುದು, ಅಧಿಕಾರಿಗಳನ್ನು ಕರೆಸಿ ವಿಚಾರಿಸುವ ಅಧಿಕಾರ ಅವರಿಗಿದೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಂಗವಿಕಲರಿಗೂ ಮಕ್ಕಳಿಗೂ ಉಚಿತ.

ಪ್ರಶ್ನೆ: ಮೊಮ್ಮಗಳಿಗೆ ಮೂರು ವರ್ಷ. ಹೆಸರು ಕರೆದರೆ ತಿರುಗಿ ನೋಡುವುದಿಲ್ಲ, ಮಾತಿಲ್ಲ. ಕಾರ್ಡು ಬಂದ ಮೇಲೆ ಚಿಕಿತ್ಸೆ ಶುರು ಮಾಡೋಣ ಅಂತ ಮಗ ಸೊಸೆ ಕಾಯುತ್ತಿದ್ದಾರೆ. ಎಷ್ಟು ದಿನ ಆಗಬಹುದು?
— ಒಬ್ಬ ಅಜ್ಜಿ, ಗಂಗಾವತಿ

ಉತ್ತರ: ಅಮ್ಮಾ, ಕಾರ್ಡಿಗೂ ಚಿಕಿತ್ಸೆಗೂ ಸಂಬಂಧವೇ ಇಲ್ಲ. ಕಾರ್ಡು ತಡವಾಗಿ ಬಂದರೆ ಕೆಲವು ತಿಂಗಳ ಪಗಾರ ಹೋಗಬಹುದು. ಮೂರನೇ ವರ್ಷದಲ್ಲಿ ಕಲಿಯಬೇಕಾದ ಮಾತು ತಡವಾದರೆ ಅದರ ಲೆಕ್ಕವೇ ಬೇರೆ.

ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರುತ್ತದೆ. ಆ ತಂಡ ಬರುವ ದಾರಿ ಕಾಯಬೇಡಿ. ಅಂಗನವಾಡಿ ಟೀಚರಿಗೆ ಹೇಳಿ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ ಕಳಿಸಲು ಚೀಟಿ ಬರೆಸಿಕೊಳ್ಳಿ. ಮಕ್ಕಳ ಬೆಳವಣಿಗೆ ತೊಂದರೆಗೆಂದೇ ಇರುವ ಕೇಂದ್ರ ಅದು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ತಿರುಗಿ ನೋಡದ ಮಗುವಿಗೆ ಎಲ್ಲರೂ ಆಟಿಸಂ ಅಂತ ಹೆಸರಿಡುತ್ತಾರೆ, ಎಷ್ಟೋ ಸಲ ಕಿವಿಯೇ ಕೇಳುತ್ತಿರುವುದಿಲ್ಲ. ಮಗು ಮಲಗಿದಾಗ ಮಾಡುವ ಬೆರಾ ಪರೀಕ್ಷೆ ಅಂತ ಇದೆ, ಸಣ್ಣ ಮಕ್ಕಳಿಗೆ ಅದೇ ಸರಿ. ಹಿಂದಿನ ರಾತ್ರಿ ಸ್ವಲ್ಪ ತಡವಾಗಿ ಮಲಗಿಸಿದರೆ ಅಲ್ಲಿ ಬೇಗ ನಿದ್ದೆ ಹೋಗುತ್ತಾಳೆ.

ಅರ್ಜಿ ತನ್ನ ಪಾಡಿಗೆ ನಡೆಯಲಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಹೆರಿಗೆ ಹೇಗಾಯಿತು, ತೂಕ ಎಷ್ಟಿತ್ತು ಅಂತ ಮೊದಲು ಕೇಳುವುದು ಅದನ್ನೇ.