ಮೈಸೂರಿನಲ್ಲಿ ಪವರ್ ಜಾಸ್ತಿ ಬರುವ ಹಾಗೆ ಇಂಜಿನ್ ಕಟ್ಟಿಕೊಡುವ ಸಣ್ಣ ಗ್ಯಾರೇಜುಗಳು ಯಾಕೆ ಉಳಿಯುವುದಿಲ್ಲ?

ಕೆಲಸ ಇಲ್ಲ ಅಂತಲ್ಲ. ಅದಕ್ಕೆ ಹಿಡಿಯುವಷ್ಟು ಸಮಯಕ್ಕೆ ತಕ್ಕ ದುಡ್ಡು ಯಾರೂ ಕೊಡುವುದಿಲ್ಲ, ಅದೇ ತೊಂದರೆ.

ಒಂದು ಹಳೇ ಯೆಜ್ಡಿ ಬೈಕ್ ತಗೊಳ್ಳಿ. ಹೊಸ ಪಿಸ್ಟನ್ ಕೈಗೆ ಬರುವ ತನಕ ಅದು ಓಡಾಡುವ ಕೊಳವೆ, ಅಂದರೆ ಸಿಲಿಂಡರ್, ಬೋರ್ ಮಾಡಿಸುವಂತಿಲ್ಲ, ಪಿಸ್ಟನ್ನಿನ ಅಳತೆ ನೋಡಿಯೇ ಕೊರೆಯಬೇಕು. ಎರಡರ ನಡುವೆ ಬಿಡುವ ಸಂದು ಕೂದಲೆಳೆಯಷ್ಟು. ಜಾಸ್ತಿಯಾದರೆ ಸದ್ದು, ಕಮ್ಮಿಯಾದರೆ ಬಿಸಿಗೆ ಸೀಜ್, ಅಂದರೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಸೀಜ್ ಆದರೆ ಮತ್ತೆ ಬಿಚ್ಚುವ ಕೂಲಿ ಗ್ಯಾರೇಜಿನವನ ತಲೆಗೇ. ಗಿರಾಕಿ ಹೊಸ ಇಂಜಿನ್ನನ್ನು ಮೊದಲ ದಿನವೇ ಹಿಂಡಿದ್ದರೂ ಬೈಗುಳ ಮೆಕ್ಯಾನಿಕ್‌ಗೆ! ಈ ಕೆಲಸ ಮುಗಿಯುವ ತನಕ ಜಾಗವೂ ಹಣವೂ ಸಿಕ್ಕಿಹಾಕಿಕೊಂಡಿರುತ್ತವೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ್ಡಿಯಂಥ ಟೂ-ಸ್ಟ್ರೋಕ್ ಇಂಜಿನ್ನುಗಳಲ್ಲಿ ಕೈ ಪಳಗಿದವರಿಗೆ ವಯಸ್ಸಾಯಿತು. ಹುಡುಗರು ಶೋರೂಮಿನ ತಿಂಗಳ ಸಂಬಳಕ್ಕೆ ಹೋಗುತ್ತಾರೆ, ತಪ್ಪೇನಿಲ್ಲ ಬಿಡಿ.

2020ರಲ್ಲಿ ಬಂದ ಬಿಎಸ್-6 (ಹೊಗೆ ಮಿತಿಯ ನಿಯಮ) ಗಾಡಿಗಳಿಗೆ ಸ್ಪ್ಯಾನರ್ ಸಾಲದು, ಲ್ಯಾಪ್‌ಟಾಪ್ ಹಿಡಿದು ಇಸಿಯು, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ತಿದ್ದಬೇಕು. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಇನ್ನು ಬೋರ್ಡ್ ಹಾಕಿ ಕರೆಯುವುದು ಹೇಗೆ ಅಲ್ವಾ? ಉಳಿದವರು ಆಯಿಲ್ ಚೇಂಜ್, ಬ್ರೇಕ್ ಕೆಲಸದಲ್ಲೇ ಬಾಡಿಗೆ ಹುಟ್ಟಿಸಿಕೊಳ್ಳುತ್ತಾರೆ.