ಸಿಂಕ್‌ನ ಹಳೇ ನಲ್ಲಿ ಬಿಚ್ಚುವ ಮುನ್ನ

ಪ್ರಶ್ನೆ: ಅಡುಗೆಮನೆಯ ಸಿಂಕ್ ಮೇಲೆ ಗೋಡೆಗೆ ಹಾಕಿದ ನಲ್ಲಿ ಇಪ್ಪತ್ತು ವರ್ಷ ಹಳೆಯದು. ವಾಷರ್ ಬದಲಿಸಿದರೂ ತೊಟ್ಟಿಕ್ಕುತ್ತದೆ. ಹೊಸದು ತಂದಿಟ್ಟಿದ್ದೇವೆ, ಆದರೆ ಹಳೆಯದು ಅಲುಗಾಡುತ್ತಲೇ ಇಲ್ಲ. ಬೋರ್‌ವೆಲ್ ನೀರು. ಜೋರಾಗಿ ತಿರುಗಿಸಬಹುದೇ?
– ಓದುಗರು, ತುಮಕೂರು

ಉತ್ತರ: ಈಗಲೇ ಬೇಡ. ಗೋಡೆಯೊಳಗಿನ ಪೈಪ್ ಯಾವುದೆಂದು ಮೊದಲು ತಿಳಿಯಿರಿ. ಟ್ಯಾಂಕಿನಿಂದ ಇಳಿಯುವ ಪೈಪ್ ಕೆನೆಬಣ್ಣದ್ದಾಗಿದ್ದರೆ ಸಾಮಾನ್ಯವಾಗಿ ಸಿಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಪೈಪ್. ಆಯಸ್ಕಾಂತ ಅಂಟಿದರೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ಸಿಪಿವಿಸಿಯಲ್ಲಿ ನಲ್ಲಿ ಕೂರುವ ಹಿತ್ತಾಳೆ ಥ್ರೆಡ್ (ತಿರುಪಿನ ಗೆರೆ) ಪ್ಲಾಸ್ಟಿಕ್ ಎಲ್ಬೋದೊಳಗೆ (ಪೈಪ್ ತಿರುಗುವಲ್ಲಿನ ಜೋಡಣೆ) ಹುದುಗಿರುತ್ತದೆ. ಒರಟಾಗಿ ತಿರುಗಿಸಿದರೆ ನಲ್ಲಿಯ ಬದಲು ಆ ಹಿತ್ತಾಳೆಯೇ ಕಿತ್ತು ಸುತ್ತುತ್ತದೆ. ಆಮೇಲೆ ಟೈಲ್ಸ್ ಒಡೆಯದೆ ಗತಿಯಿಲ್ಲ.

ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ನೀರು ಪೂರ್ತಿ ಇಳಿಸಿ. ಹಳೇ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದು ಅಪರೂಪ. ಅದಕ್ಕೇ ಪೈಪಿನ ಬಾಯಿ ಮುಚ್ಚುವ ಅರ್ಧ ಇಂಚಿನ ಪ್ಲಗ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಪಕ್ಕದಲ್ಲೇ ಇಟ್ಟುಕೊಳ್ಳಿ; ನೀರು ಚಿಮ್ಮಿದರೆ ತಕ್ಷಣ ಅದನ್ನು ತಿರುಗಿಸಿ ಕೂರಿಸಬಹುದು. ಸಿಂಕ್‌ನೊಳಗೆ ದಪ್ಪ ಬಟ್ಟೆ ಹಾಸಿ, ರೆಂಚ್ ಜಾರಿ ಬಿದ್ದರೆ ಸಿಂಕ್ ಉಳಿಯುತ್ತದೆ.

ಗೋಡೆಗೆ ಅಂಟಿದ ದುಂಡು ತಟ್ಟೆಯನ್ನು ಮುಂದಕ್ಕೆ ಸರಿಸಿ. ಹಿಂದೆ ಬಿಳಿ ಸುಣ್ಣದ ಹಕ್ಕಳೆ ಗಟ್ಟಿಯಾಗಿ ಕೂತಿದ್ದರೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದೆರಡು ಗಂಟೆ ಸುತ್ತಿಡಿ. ತುಕ್ಕು ಬಿಡಿಸುವ ಎಣ್ಣೆ ಜಿಐಗೆ ಮಾತ್ರ. ಸಿಪಿವಿಸಿಗೆ ಅದು ತಾಗಿದರೆ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಸಿಪಿವಿಸಿ ಹತ್ತಿರ ಬೆಂಕಿಯಂತೂ ಬೇಡವೇ ಬೇಡ.

ಈಗ ಪೈಪ್ ರೆಂಚನ್ನು ನಲ್ಲಿಯ ಮೂತಿಗಲ್ಲ, ಗೋಡೆಗೆ ಹತ್ತಿರದ ದಪ್ಪ ಭಾಗಕ್ಕೆ ಹಿಡಿಸಿ. ಮೊದಲು ಗಡಿಯಾರದ ದಿಕ್ಕಿನಲ್ಲಿ ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ವಿರುದ್ಧ ದಿಕ್ಕಿಗೆ ಬಿಡಿಸಿ. ಥ್ರೆಡ್‌ನಲ್ಲಿ ಗಟ್ಟಿಯಾದ ಸುಣ್ಣ ಹೀಗೇ ಒಡೆಯುತ್ತದೆ. ಜಗ್ಗಬೇಡಿ, ಒಂದೇ ಸಮ ಬಲ ಕೊಡಿ. ಕಣ್ಣು ಮಾತ್ರ ಗೋಡೆಯ ಮೇಲಿರಲಿ: ನಲ್ಲಿಯ ಸುತ್ತಲಿನ ಗಾರೆಯಿಂದ ಪುಡಿ ಉದುರಿದರೆ ಒಳಗಿನ ಎಲ್ಬೋ ತಿರುಗುತ್ತಿದೆ ಎಂದೇ ಅರ್ಥ. ಅಲ್ಲಿಗೇ ನಿಲ್ಲಿಸಿ ಪ್ಲಂಬರ್ ಕರೆಯಿರಿ.

ನಲ್ಲಿಯ ಹಿತ್ತಾಳೆ ಥ್ರೆಡ್ ಒಳಗೇ ಮುರಿದುಕೊಂಡರೆ ಉಳಿ, ಸುತ್ತಿಗೆ ಮುಟ್ಟಬೇಡಿ. ಒಳಗಿನಿಂದ ಹಿಡಿದು ತಿರುಗಿಸುವ ಎಕ್ಸ್‌ಟ್ರಾಕ್ಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಪ್ರಶ್ನೆ: ಹೊಸ ನಲ್ಲಿ ಹಾಕಿದ ಮೇಲೆ ಗೋಡೆಯ ಹತ್ತಿರ ಸಣ್ಣಗೆ ಜಿನುಗುತ್ತಿದೆ. ಇನ್ನೂ ಬಿಗಿ ಮಾಡಲೇ?
– ಓದುಗರು, ಹಾಸನ

ಉತ್ತರ: ಬಿಗಿ ಮಾಡಬೇಡಿ, ಬಿಚ್ಚಿ ನೋಡಿ. ಮೂತಿ ನೇರ ಬರಲೆಂದು ಬಿಗಿಯಾದ ನಲ್ಲಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದ್ದರೆ ಟೇಪ್ ಅಲ್ಲೇ ಸಡಿಲಾಗಿರುತ್ತದೆ. ಹಳೇ ಟೇಪಿನ ಎಳೆ, ನಾರು ಎಲ್ಲ ಬ್ರಷ್‌ನಿಂದ ತೆಗೆಯಿರಿ. ನಲ್ಲಿಯ ಥ್ರೆಡ್ ನಿಮಗೆ ಎದುರಾಗಿ ಹಿಡಿದು ಗಡಿಯಾರದ ದಿಕ್ಕಿನಲ್ಲೇ, ಎಳೆದು ಬಿಗಿಯಾಗಿ, 10–12 ಸುತ್ತು ಟೇಪ್ ಹಾಕಿ. ಉಲ್ಟಾ ಸುತ್ತಿದರೆ ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಮೂತಿ ಕೆಳಗೆ ಬಂದು ನಿಲ್ಲದಿದ್ದರೆ ಬಿಚ್ಚಿ, ಎರಡು ಮೂರು ಸುತ್ತು ಹೆಚ್ಚು ಕಡಿಮೆ ಮಾಡಿ ಮತ್ತೆ ಹಾಕಿ. ಟೈಲ್ಸ್ ದಪ್ಪವಾಗಿ ಎಲ್ಬೋ ಆಳಕ್ಕೆ ಹೋಗಿದ್ದರೆ ನಾಲ್ಕೈದು ಸುತ್ತಾದರೂ ಥ್ರೆಡ್ ಹಿಡಿಯುವುದಿಲ್ಲ. ಆಗ ಎಷ್ಟು ಟೇಪ್ ಸುತ್ತಿದರೂ ಪ್ರಯೋಜನವಿಲ್ಲ, ಅಳತೆಗೆ ತಕ್ಕ ಹಿತ್ತಾಳೆ ಎಕ್ಸ್‌ಟೆನ್ಷನ್ ನಿಪ್ಪಲ್ (ಉದ್ದ ಹೆಚ್ಚಿಸುವ ಥ್ರೆಡ್ ತುಂಡು) ಹಾಕಿಯೇ ನಲ್ಲಿ ಕೂರಿಸಿ.