ಮಳೆಗಾಲದ ಹರ್ಬೇರಿಯಂ, ಮೊಳೆಯದ ಬೇವು

ಪ್ರಶ್ನೆ: ಶಿರಸಿ ಕಡೆಯ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಜುಲೈ–ಆಗಸ್ಟಿನಲ್ಲಿ ವಿದ್ಯಾರ್ಥಿಗಳು ಹರ್ಬೇರಿಯಂಗೆಂದು (ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹ) ತಂದ ಗಿಡಗಳು, ಪೇಪರಿನ ನಡುವೆ ಒತ್ತಿಡುವ ಪ್ರೆಸ್ಸಿನಲ್ಲೇ ಕಪ್ಪಾಗಿ ಬೂಷ್ಟು ಹಿಡಿಯುತ್ತವೆ. ದಿನಾ ಪೇಪರ್ ಬದಲಿಸಿದರೂ ಅಷ್ಟೇ.

ಉತ್ತರ: ಹಪ್ಪಳ ಮೆತ್ತಗಾಗುವ ಗಾಳಿಯಲ್ಲಿ ರದ್ದಿ ಪೇಪರೂ ತೇವ ಕುಡಿದಿರುತ್ತದೆ. ಅದನ್ನೇ ಬದಲಿಸಿ ಇಟ್ಟರೆ ಗಿಡದ ನೀರು ಹೋಗುವುದೆಲ್ಲಿಗೆ? ಮಲೆನಾಡಿನ ಮಳೆಗಾಲದಲ್ಲಿ ಪೇಪರಿಗಿಂತ ಬೆಚ್ಚನೆಯ ಗಾಳಿ ಮುಖ್ಯ.

ಪ್ರತಿ ಗಿಡದ ಪೇಪರಿನ ಎರಡೂ ಬದಿಗೆ ಪ್ಯಾಕಿಂಗ್ ಡಬ್ಬದ ಸುಕ್ಕುರಟ್ಟು ಇಡಿ. ರಟ್ಟಿನೊಳಗಿನ ಕೊಳವೆಗಳೆಲ್ಲ ಒಂದೇ ದಿಕ್ಕಿಗಿರಲಿ. ಬೆಲ್ಟ್ ಬಿಗಿದು, ಕೊಳವೆಗಳು ಕೆಳಗಿನಿಂದ ಮೇಲಕ್ಕೆ ಬರುವಂತೆ ಪ್ರೆಸ್ಸನ್ನು ಮೇಲೆ ತೆರೆದ ಪೆಟ್ಟಿಗೆಯೊಳಗೆ ನಿಲ್ಲಿಸಿ. ಅಡಿಯಲ್ಲಿ 60 ವ್ಯಾಟಿನ ಎರಡು ಹಳೇ ತಂತಿಬಲ್ಬು ಸಾಕು. ಎಲ್‌ಇಡಿ ಹಾಕಿದರೆ ಬೆಳಕಷ್ಟೇ, ಬಿಸಿ ಬರುವುದಿಲ್ಲ. ಬಲ್ಬಿಗೂ ಪ್ರೆಸ್ಸಿಗೂ ಒಂದು ಗೇಣಾದರೂ ಅಂತರವಿರಲಿ, ರಟ್ಟಿಗೆ ಬೆಂಕಿ ತಗಲೀತು. ಶಾಖ 40–50 ಡಿಗ್ರಿ ಸೆಲ್ಸಿಯಸ್ ಇರಲಿ, ಅದು ದಾಟಿದರೆ ಎಲೆ ಕಂದಾಗಿ ಪುಡಿಯಾಗುತ್ತದೆ. ಒಣಗಿದೆಯೇ ಎಂದು ತಿಳಿಯಲು ಎಲೆಯನ್ನು ಕೆನ್ನೆಗೆ ತಾಗಿಸಿ. ತಣ್ಣಗೆನಿಸಿದರೆ ಇನ್ನೂ ತೇವವಿದೆ.

ಸೀತಾಳೆಯಂಥ (ಆರ್ಕಿಡ್) ದಪ್ಪ ಎಲೆಯವು ಪ್ರೆಸ್ಸಿನೊಳಗೂ ಸಾಯದೆ ಬೆಳೆಯುತ್ತಲೇ ಇರುತ್ತವೆ. ಹೂವನ್ನು ಹೊರಗಿಟ್ಟು ಉಳಿದ ಭಾಗವನ್ನು ಕುದಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ಒರೆಸಿ ಒತ್ತಿ.

ಎರಡು ದಿನ ಕಾಡಿನಲ್ಲೇ ಇರಬೇಕಾದರೆ ಗಿಡಗಳನ್ನು ಪೇಪರಿನಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಶೇ. 70ರ ಆಲ್ಕೊಹಾಲಿನಿಂದ ಒದ್ದೆಮಾಡಿ ಬಾಯಿ ಕಟ್ಟಿ. ಬಣ್ಣ ಹೋಗುತ್ತದೆ, ಆಕಾರ ಉಳಿಯುತ್ತದೆ. ಡಿಎನ್‌ಎ ಬೇಕಿದ್ದರೆ ಮಾತ್ರ ಮೊದಲೇ ಒಂದು ಎಲೆಚೂರನ್ನು ತೇವ ಹೀರುವ ಸಿಲಿಕಾ ಜೆಲ್ಲಿಗೆ ಹಾಕಿಡಿ. ಹೂವಿನ ಬಣ್ಣ, ಹಾಲು ಬರುತ್ತದೆಯೇ, ಮರದ ಎತ್ತರ, ಊರವರು ಕರೆಯುವ ಹೆಸರು ಇವನ್ನೆಲ್ಲ ಅಲ್ಲೇ ಪೆನ್ಸಿಲಿನಲ್ಲಿ ಬರೆಯಿಸಿ. ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗುತ್ತದೆ. ಚೀಟಿಯಿಲ್ಲದ ಗಿಡ ಸಂಶೋಧನೆಗೆ ಬರೀ ಒಣಹುಲ್ಲು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಿ.

ಒಣಗಿದ ಗಿಡ ತಿನ್ನುವ ಹುಳಕ್ಕೆ ಪಾದರಸದ ಕ್ಲೋರೈಡ್ ಬಳಿಯುವ ಹಳೇ ರೂಢಿ ಬೇಡವೇ ಬೇಡ, ಅದು ಮಕ್ಕಳ ಕೈಗೂ ವಿಷ. ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚಳಿ ಬಿಡುವ ತನಕ ಚೀಲ ಬಿಚ್ಚಬೇಡಿ, ಎಲೆಯ ಮೇಲೆ ನೀರು ಕೂರುತ್ತದೆ.

ಪ್ರಶ್ನೆ: ನಮ್ಮ ಎನ್‌ಎಸ್‌ಎಸ್ ಘಟಕ ಹಳ್ಳಿಗೆ ಕೊಡಲೆಂದು ಬೇವಿನ ಸಸಿ ಮಾಡಹೊರಟಿತು. ಹೋದ ವರ್ಷದ ಬೀಜ ಒಂದೂ ಮೊಳೆಯಲಿಲ್ಲ. ಗೊಬ್ಬರ ಕಡಿಮೆಯಾಯಿತೇ?

ಉತ್ತರ: ಗೊಬ್ಬರದ ತಪ್ಪಲ್ಲ, ಬೀಜ ಸತ್ತಿತ್ತು. ಮಾಮೂಲಿ ಕೋಣೆಯಲ್ಲಿಟ್ಟ ಬೇವಿನ ಬೀಜ ಕೆಲವೇ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಇನ್ನೂ ಬೇಗ. ಹಣ್ಣು ಹಳದಿಗೆ ತಿರುಗುವಾಗ ಮರದಿಂದಲೇ ಕೀಳಿ. ಅಂದೇ ಸಿಪ್ಪೆ, ತಿರುಳು ತಿಕ್ಕಿ ತೊಳೆದು ನೆರಳಿನಲ್ಲಿ ಒಣಗಿಸಿ. ತಿರುಳು ಉಳಿದರೆ ಹುಳಿತು ಬೂಷ್ಟು ಬರುತ್ತದೆ. ವಾರದೊಳಗೆ, ಬೆರಳಿನ ಅರ್ಧ ಗೆಣ್ಣಿನಷ್ಟು ಆಳಕ್ಕೆ ಬಿತ್ತಿ. ಬಿತ್ತುವ ಮೊದಲು ಹತ್ತು ಬೀಜ ಸೀಳಿ ನೋಡಿ: ಒಳಬೇಳೆ ಹಸಿರಾಗಿದ್ದರೆ ಸರಿ, ಕಂದಾಗಿದ್ದರೆ ಚೀಲ ತುಂಬಿಸುವ ಶ್ರಮವೂ ದಂಡ.

ಹಲಸು, ನೇರಳೆಯದೂ ಇದೇ ಕಥೆ. ತಿಂದ ವಾರವೇ ಬಿತ್ತಬೇಕು. ಮುಂದಿನ ಜೂನಿಗೆಂದು ಬೀಜ ಕೂಡಿಡಲೇಬೇಕಿದ್ದರೆ ಹೊಂಗೆ ಆರಿಸಿಕೊಳ್ಳಿ.